ಧನಶ್ರೀಯ ಫೆರಿ

ಒಂದು ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಧನಶ್ರೀ ನಮ್ಮ ಬಾಗಿಲು ಬಡಿದು, "ಕಾಕಾ, ನಿಮ್ಮ ಫೋನ್ ಒಂದೀಟು ಕೊಡ್ರಿ. ಕಾಕೂನ್ದೂ ಬೇಕು," ಅಂದಳು.

ಹಾಗೆ ಬಂದು ಕೇಳುವ ಹುಡುಗಿಯಲ್ಲ ಅವಳು. ಹುಡುಗಿ ಅನ್ನುವುದು ನನ್ನ ರೂಢಿ, ಅಷ್ಟೆ. ಅವಳಿಗೀಗ ನಲವತ್ತೈದು ದಾಟಿದೆ. ಗೋವೆಯ ವಾಸ್ಕೋದ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ. ಗಂಡ ವಿಕ್ರಮ ವೆರ್ಣಾದ ಔಷಧ ಕಾರ್ಖಾನೆಯಲ್ಲಿದ್ದಾನೆ. ಇಬ್ಬರೂ ಧಾರವಾಡದವರು. ಮಂಗೋರ್ ಹಿಲ್ ಬುಡದ ನಮ್ಮ ಕಟ್ಟಡಕ್ಕೆ ಅವರು ಬಂದಾಗ ನಾನಿನ್ನೂ ಬ್ಯಾಂಕಿನ ಕೆಲಸದಲ್ಲಿದ್ದೆ. ಇಷ್ಟು ವರ್ಷ ಮೆಟ್ಟಿಲ ಮೇಲೆ ಎದುರಾದರೆ ನಕ್ಕು ಪಕ್ಕಕ್ಕೆ ಸರಿದು ಹೋಗುತ್ತಿದ್ದವಳು ಅವತ್ತು ಒಳಗೆ ಬಂದು ಸೋಫಾದ ಮೇಲೆ ಕೂತೇಬಿಟ್ಟಳು.

"ಯಾಕವಾ, ಏನಾತು?" ಅಂದೆ.

"ನಾನು ಒಂದು ಆಟ ಮಾಡೇನ್ರಿ, ಫೋನಿನ್ಯಾಗ ಆಡೂವಂಥದು. ಎಲ್ಲಾರಿಗೂ ಸಿಗೂಹಂಗ ಹೊರಗ ಬಿಡಬೇಕಾದ್ರ ಮೊದಲ ಒಂದು ಹನ್ನೆರಡು ಮಂದಿ ಎರಡು ವಾರ ಇಟ್ಟುಕೊಂಡು ನೋಡಬೇಕಂತ ನಿಯಮ ಅದ. ನನಗ ಅಷ್ಟು ಮಂದಿ ಎಲ್ಲೆ ಗೊತ್ತಿದ್ದಾರ್ರಿ? ಕಟ್ಟಡದವರನ್ನs ಕೇಳ್ಲಿಕತ್ತೇನಿ."

ನನ್ನ ಹೆಂಡತಿ ಕೃಷ್ಣಾಬಾಯಿ ಒಗ್ಗರಣೆ ಬಿಟ್ಟು ಕೈ ಒರೆಸಿಕೊಳ್ಳುತ್ತ ಬಂದಳು. ಧನಶ್ರೀ ಇಬ್ಬರ ಫೋನಿಗೂ ಆಟ ಹಾಕಿಕೊಟ್ಟಳು. ತೆರೆದರೆ ಕಂದು ನೀರಿನ ದೊಡ್ಡ ನದಿ. ಈ ದಡದಲ್ಲಿ ಚಪ್ಪಟೆ ಬೆನ್ನಿನ ಫೆರಿ, ಆ ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಹಸಿರು. ದಡದಲ್ಲಿ ಕಾಯುತ್ತಿರುವ ಜನರನ್ನೂ ಗಾಡಿಗಳನ್ನೂ ಬೆರಳಿನಿಂದ ಎಳೆದು ಫೆರಿಗೆ ಹತ್ತಿಸಬೇಕು, ಒಂದೇ ಕಡೆ ಭಾರವಾಗದಂತೆ ನಿಲ್ಲಿಸಬೇಕು, ಆ ದಡ ಮುಟ್ಟಿಸಬೇಕು. ಆಟ ಇಷ್ಟೇ. ಗಾಡಿಗಳು ಬೇಕಾದಷ್ಟಿದ್ದವು. ಮನುಷ್ಯರು ಮಾತ್ರ ಮೂವರೇ.

"ಇಷ್ಟs ಮಂದಿ ಏನವಾ?" ಕೃಷ್ಣಾಬಾಯಿ ಕೇಳಿದಳು. "ಫೆರಿಯೊಳಗ ಕಾಲಿಡಲಿಕ್ಕೆ ಜಾಗಾ ಇರೂದಿಲ್ಲಲ್ಲ."

"ಉಳಿದವರು ಬರಬೇಕ್ರಿ ಕಾಕೂ," ಅಂದಳು ಧನಶ್ರೀ. "ಇಂಗ್ಲೆಂಡಿನಿಂದ ಬರಬೇಕು."

ಆ ಎರಡು ವಾರ ಅವಳು ಸಂಜೆಗೊಮ್ಮೆ ಬಂದು, ಆಟ ಎಲ್ಲಿ ನಿಂತಿತು, ಎಲ್ಲಿ ತೊಡಕಾಯಿತು ಅಂತ ಕೇಳಿ ಹೋಗುತ್ತಿದ್ದಳು. ಚಹಾ ಕುಡಿಯುತ್ತ ಸ್ವಲ್ಪಸ್ವಲ್ಪವಾಗಿ ಹೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹಿಂದೆ, ಓದು ಮುಗಿಸಿದ ಹೊಸತರಲ್ಲಿ, ಧನಶ್ರೀ ಪಣಜಿಯ ಸೋದರತ್ತೆಯ ಮನೆಗೆ ಬಂದಳು. ಮಾರುಕಟ್ಟೆಯ ಹತ್ತಿರ ಔಷಧದ ಅಂಗಡಿಯ ಮೇಲೆ ಒಂದು ಚಿಕ್ಕ ಕಂಪನಿ ಇತ್ತು. ಗುಂಡಿ ಒತ್ತುವ ಫೋನುಗಳಿಗೆ ಆಟ ಮಾಡಿಕೊಡುವುದು ಅವರ ಕೆಲಸ. ಫೋನಿನ ಪರದೆ ಬೆಂಕಿಪೆಟ್ಟಿಗೆಯಷ್ಟು. ಇವತ್ತು ನಾವು ಮೊಮ್ಮಕ್ಕಳಿಗೆ ಕಳಿಸುವ ಒಂದು ಫೋಟೋ ಎಷ್ಟು ಜಾಗ ತಿನ್ನುತ್ತದೋ ಅದರ ಒಂದು ಮೂಲೆಯಲ್ಲಿ ಇಡೀ ಆಟ ಕೂರಬೇಕು. ಕಾರ್‌ ರೇಸು, ಕ್ರಿಕೆಟ್ಟು, ಹಾವಿನಾಟ, ಹೊರದೇಶದವರು ಏನು ಹೇಳಿದರೆ ಅದು. ಕೋಡು ಬರೆಯುವುದು ಧನಶ್ರೀಯ ಪಾಲಿಗೆ ಬಂತು. ಪಕ್ಕದ ಮೇಜಿನಲ್ಲಿ ಚಿತ್ರ ಬರೆಯುವವಳು ಸೋಫಿಯಾ.

ಸೋಫಿಯಾ ಚೋಡಣದವಳು. ಅದು ಮಾಂಡವಿಯ ನಡುವಿನ ದ್ವೀಪ. ದಿನಾ ಫೆರಿಯಲ್ಲಿ ನದಿ ದಾಟಿ ರಾಯಬಂದರಕ್ಕೆ ಇಳಿದು, ಬಸ್ಸು ಹಿಡಿದು ಬರುತ್ತಿದ್ದಳು. ಚುಕ್ಕಿ ಚುಕ್ಕಿ ಇಟ್ಟು ಚಿತ್ರ ಮಾಡುವುದು ಆಗಿನ ಪದ್ಧತಿ. ಹತ್ತು ಚುಕ್ಕಿ ಅಗಲದೊಳಗೆ ಅವಳು ಒಬ್ಬ ಮುದುಕನನ್ನು ನಿಲ್ಲಿಸಿದರೆ ಅವನಿಗೆ ಮೊಣಕಾಲು ನೋವಿದೆ ಅನ್ನುವುದೂ ಕಾಣುತ್ತಿತ್ತಂತೆ.

ಮೊದಲ ಮಳೆಗಾಲದ ಒಂದು ಭಾನುವಾರ ಅವಳು ಧನಶ್ರೀಯನ್ನು ತನ್ನ ಮನೆಗೆ ಊಟಕ್ಕೆ ಕರೆದಳು. ಧಾರವಾಡದ ಹುಡುಗಿ ಅಂಥ ನದಿ ನೋಡಿರಲಿಲ್ಲ. ಫೆರಿ ಹೊರಡುವಾಗ ಕೊನೆಗೆ ಒಂದು ಕಲ್ಲು ತುಂಬಿದ ಟೆಂಪೋ ಹತ್ತಿತು. ಫೆರಿ ಒಂದು ಕಡೆ ವಾಲಿತು. ಗಾಡಿ ಹತ್ತಿ ಇಳಿಯುವ ಹಲಗೆಯನ್ನು ಎತ್ತುವವನು ಕೂಗಿದ್ದೇ ತಡ, ಮೀನಿನ ಬುಟ್ಟಿಯವರು, ಸಣ್ಣ ಮಕ್ಕಳು, ಸೈಕಲ್ಲಿನ ಮೇಲೆ ಪಾವು ಬ್ರೆಡ್ಡು ಮಾರುವ ಪೊದೇರ, ಕೊಡೆ ಹಿಡಿದ ಪಾದ್ರಿ, ಎಲ್ಲರೂ ಗೊಣಗುತ್ತ ಇನ್ನೊಂದು ಬದಿಗೆ ಸರಿದರು. ಫೆರಿ ನೆಟ್ಟಗಾಯಿತು.

ಧನಶ್ರೀ ಗೆಳತಿಯ ತೋಳು ಹಿಡಿದು, "ಇದೇ ಆಟ!" ಅಂದಳು.

ಮಾಲೀಕನನ್ನು ಒಪ್ಪಿಸಿ, ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಇಬ್ಬರೂ ಅದಕ್ಕೆ ಕೂತರು. ಕೆಲಸಕ್ಕಿಂತ ಜಗಳವೇ ಹೆಚ್ಚು. ಪೊದೇರ ಮೊದಲು ಇಳಿಯಬೇಕು, ಹಾಗಾಗಿ ಅವನು ಹಲಗೆಯ ಹತ್ತಿರವೇ ನಿಲ್ಲುತ್ತಾನೆ, ಎಷ್ಟು ಎಳೆದರೂ ಒಳಗೆ ಬರಬಾರದು ಅಂತ ಸೋಫಿಯಾ. ಮೀನು ಮಾರುವ ಬಾಯಿ, ಅಂದರೆ ಮೀನಿನ ಹೆಂಗಸು, ಕಾರಿಗೆ ಒರಗಿ ನಿಲ್ಲುವವಳೇ, ಕಾರಿನವನು ಬೈದರೂ ಕದಲುವವಳಲ್ಲ ಅಂತ ಸೋಫಿಯಾ. ಒಬ್ಬೊಬ್ಬರಿಗೂ ಇಂಥ ಸ್ವಭಾವ ಕೊಡುತ್ತ ಹೋದರೆ ಫೋನಿನಲ್ಲಿ ಜಾಗ ಸಾಲುವುದಿಲ್ಲ ಅಂತ ಧನಶ್ರೀ.

"ಜಾಗ ಇಲ್ಲ ಗೊ, ಜಾಗ ಇಲ್ಲ!"

"ಹಾಗಾದರೆ ನದಿ ಸಣ್ಣದು ಮಾಡು. ಜನರನ್ನು ಸಣ್ಣದು ಮಾಡಬೇಡ."

ಅವರ ಮಾತು ಕೊಂಕಣಿಯಲ್ಲಿ. ಧನಶ್ರೀ ಕೊಂಕಣಿ ಕಲಿತದ್ದೇ ಆ ಜಗಳಗಳಲ್ಲಿ. ಇಡೀ ಬೆಳಿಗ್ಗೆ ಮಾತು ಬಿಟ್ಟು, ಮಧ್ಯಾಹ್ನ ಇವಳ ಡಬ್ಬಿಯ ಝುಣಕಾ ರೊಟ್ಟಿಗೂ ಅವಳ ಮನೆಯ ದೋದೊಲಕ್ಕೂ ಅದಲುಬದಲಾಗಿ ರಾಜಿಯಾಗುತ್ತಿತ್ತು. ಬೆಲ್ಲ, ತೆಂಗಿನಹಾಲಿನ ಆ ಸಿಹಿ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ತಿನ್ನಲು ಮನಸ್ಸಾಗುವುದಿಲ್ಲ ಅಂದಳು.

ಆಟ ಮುಕ್ಕಾಲು ಆಗಿತ್ತು. ಅಷ್ಟರಲ್ಲಿ ಬೆರಳಿನಿಂದ ಮುಟ್ಟುವ ಫೋನು ಬಂತು. ಹಳೆಯ ಫೋನಿನ ಆಟಗಳನ್ನು ಕೇಳುವವರಿಲ್ಲವಾಯಿತು. ಮಾಲೀಕ ಕಂಪನಿ ಮುಚ್ಚಿ, ಕಂಪ್ಯೂಟರುಗಳನ್ನು ಒಂದೇ ಗಂಟಿಗೆ ಮಾರಿಬಿಟ್ಟ. ಆಟ ಅವುಗಳ ಹೊಟ್ಟೆಯಲ್ಲೇ ಹೋಯಿತು. ಧನಶ್ರೀಯ ಮದುವೆ ಗೊತ್ತಾಗಿತ್ತು. ಸೋಫಿಯಾಗೆ ಪೋರ್ತುಗೀಜರ ಕಾಲದಲ್ಲಿ ಹುಟ್ಟಿದ ಅಜ್ಜನ ಕಡೆಯಿಂದ ಪೋರ್ತುಗೀಜ ಪಾಸ್‌ಪೋರ್ಟ್ ಸಿಕ್ಕಿತು. ಅದರ ಬಲದ ಮೇಲೆ ಗೋವೆಯ ಎಷ್ಟೋ ಜನ ಹೋದ ಹಾಗೆ ಅವಳೂ ಇಂಗ್ಲೆಂಡಿಗೆ ಹೋದಳು. ಒಂದು ವರ್ಷ ಪತ್ರ ಬಂದವು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಅದೂ ಇಲ್ಲ. ಇಬ್ಬರ ನಡುವೆ ಯಾವ ಮನಸ್ತಾಪವೂ ಇರಲಿಲ್ಲ. ಒಬ್ಬೊಬ್ಬರ ನಂಬರು ಬದಲಾದಂತೆ ಸುಮ್ಮನೆ ದೂರವಾದರು.

ವಾಸ್ಕೋಗೆ ಬಂದ ಮೇಲೆ ಧನಶ್ರೀ ಒಮ್ಮೆ ಮತ್ತೆ ಆ ಕೆಲಸಕ್ಕೆ ಸೇರಲು ನೋಡಿದಳು. ಪರ್ವರಿಯ ಒಂದು ಕಂಪನಿಯಲ್ಲಿ ಸಂದರ್ಶನ. ಕೇಳುತ್ತಿದ್ದವನು ಅವಳಿಗಿಂತ ಚಿಕ್ಕವನು, ಒಳ್ಳೆಯವನೇ. ಅವನು ಹೇಳಿದ ಒಂದೊಂದು ಸಾಫ್ಟ್‌ವೇರಿನ ಹೆಸರೂ ಅವಳಿಗೆ ಹೊಸದು. ಅವಳು ಹೇಳಿದ ಒಂದೊಂದು ಫೋನಿನ ಹೆಸರೂ ಅವನಿಗೆ ಬಾಲ್ಯದ ನೆನಪು. "ಮೇಡಂ, ಇವೆಲ್ಲಾ ನಮ್ಮ ಅಪ್ಪನ ಹತ್ತಿರ ಇದ್ದವು," ಅಂತ ಪ್ರೀತಿಯಿಂದ ನಕ್ಕ. ಮನೆಗೆ ಬಂದು ಅವಳು ಅಂಥ ಹೊಸ ಸಾಫ್ಟ್‌ವೇರೊಂದನ್ನು ಹಾಕಿಕೊಂಡು ಕಲಿಯಲು ಕೂತಳು. ಮನೆಯ ಹಳೆಯ ಲ್ಯಾಪ್‌ಟಾಪು ಅದನ್ನು ತೆರೆಯಲಾರದೆ ಬುಸುಗುಟ್ಟಿ ನಿಂತಿತು. ಅವಳೂ ಬಿಟ್ಟಳು. ಹಡಗು ಏಜೆಂಟರ ಕಚೇರಿಗೆ ಸೇರಿದಳು. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಆಡುತ್ತಿದ್ದರೆ ಮಾತ್ರ ಬಗ್ಗಿ ನೋಡುತ್ತಿದ್ದಳಂತೆ. ತನ್ನ ನಿಲ್ದಾಣ ಎರಡು ಸಲ ತಪ್ಪಿಸಿಕೊಂಡಿದ್ದಾಳೆ.

ಹೋದ ಬೇಸಿಗೆಯಲ್ಲಿ ವಿಕ್ರಮ ಕಾರ್ಖಾನೆಯಿಂದ ಬಂದವನು ಬೂಟು ಬಿಚ್ಚುತ್ತಲೇ ಹೇಳಿದ.

"ಧನೂ, ಇವತ್ತು ನಮಗ ಒಂದು ತರಬೇತಿ ಇತ್ತು. ಗೇಟಿನ ಪಾಸಿಗೆ ಆ್ಯಪ್ ಮಾಡೋದು ತೋರಿಸಿದ್ರು. ಕೋಡ್ ಬರೀಬೇಕಾಗಿಲ್ಲ. ಏನು ಬೇಕು ಅಂತ ಮಾತಿನ್ಯಾಗ ಹೇಳಿದ್ರ ಎಐ ತಾನs ಬರದು ಕೊಡ್ತದ."

"ಖರೇನ್ರಿ?"

"ನನ್ನಂಥವನ ಕಡೆಯಿಂದ ಮಾಡಿಸಿದ್ರು, ಅಂದ್ರ ನೋಡು. ನೀ ಫೆರಿ ಫೆರಿ ಅಂತಿದ್ದೆಲ್ಲ, ಹೇಳಿ ನೋಡು ಅದಕ್ಕ."

ಆ ವಾರದ ಕೊನೆಗೆ ಅವಳು ಹೊಸ ಲ್ಯಾಪ್‌ಟಾಪಿನ ಮುಂದೆ ಕೂತಳು. ಇಂಗ್ಲಿಷಿನಲ್ಲಿ ಶುರು ಮಾಡಿದವಳು ನಡುವೆ ಕನ್ನಡಕ್ಕೆ ಹೊರಳಿದಳು, ಅದಕ್ಕೂ ಉತ್ತರ ಬಂತು. ಒಂದು ನದಿ ಬೇಕು, ಚಪ್ಪಟೆ ಫೆರಿ ಬೇಕು, ಒಂದು ಕಡೆ ಭಾರ ಬಿದ್ದರೆ ವಾಲಬೇಕು, ತೀರಾ ಜೋರಾಗಿ ಅಲ್ಲ, ಯೋಚನೆ ಮಾಡಲು ಪುರುಸೊತ್ತು ಕೊಡುವ ಹಾಗೆ. ಬರೆದು ಒತ್ತಿದಳು. ನೋಡನೋಡುತ್ತ ಅದು ಪುಟಗಟ್ಟಲೆ ಕೋಡು ಬರೆಯಿತು. ಫೋನಿಗೆ ಹಾಕಿಕೊಂಡು ಮುಟ್ಟಿದರೆ ಫೆರಿ ದಡ ಬಿಟ್ಟು ನೀರಿಗೆ ಸರಿಯಿತು.

"ಕಾಕಾ, ಆ ದಡಕ್ಕೂ ಈ ದಡಕ್ಕೂ ಹತ್ತು ಸಲ ಓಡಿಸಿದೆನ್ರಿ," ಅಂದಳು ನನಗೆ. "ಇವರನ್ನ ಕರೀಬೇಕಂತ ನೆನಪs ಆಗಲಿಲ್ಲ."

ಅವಳೂ ಸೋಫಿಯಾಳೂ ಒಂದಿಡೀ ಮಳೆಗಾಲ ತಲೆ ಕೆಡಿಸಿಕೊಂಡಿದ್ದ ಕೆಲಸ ಊಟದ ಹೊತ್ತಿಗೆ ಮುಗಿದಿತ್ತು. ತಪ್ಪಿದ್ದಲ್ಲಿ ಹೇಳಿದರೆ ತಿದ್ದುತ್ತಿತ್ತು. ಕೋಡಿನೊಳಗೆ ಇಳಿದು ನೋಡಿದರೆ ಅವಳಿಗೆ ಅರ್ಥವಾಗುವಷ್ಟು ಚೊಕ್ಕಟವಾಗಿತ್ತು. ಸಂಜೆಯವರೆಗೂ ಅವಳು ಎದ್ದಿರಲಿಲ್ಲ. ಎದ್ದು ಬಾಲ್ಕನಿಗೆ ಬಂದು ನಿಂತಾಗ ಮಾತ್ರ ಏನೋ ಕಡಿಮೆ ಅನ್ನಿಸಿತು. ಯಂತ್ರ ಯಾವುದಕ್ಕೂ ಇಲ್ಲ ಅಂದಿರಲಿಲ್ಲ. ನದಿ ದೊಡ್ಡದು ಮಾಡು ಅಂದರೆ ಮಾಡಿತು, ಸಣ್ಣದು ಮಾಡು ಅಂದರೆ ಒಳ್ಳೆಯ ಯೋಚನೆ ಅಂತ ಹೊಗಳಿ ಅದನ್ನೂ ಮಾಡಿತು. ಇಡೀ ದಿನದಲ್ಲಿ ಯಾರೂ ಅವಳ ಜೊತೆ ಜಗಳ ಆಡಿರಲಿಲ್ಲ.

ಮರುವಾರ ಜನರ ಚಿತ್ರ ಕೇಳಿದಳು. ಮೀನು ಮಾರುವ ಬಾಯಿ ಬಂದಳು. ಚಂದದ ಮುಖ, ಜರಿ ಸೀರೆ, ಬುಟ್ಟಿಯ ತುಂಬ ಹೊಳೆಯುವ ಮೀನು. ಇವಳಲ್ಲ ಅಂದಳು. ಇನ್ನೊಬ್ಬಳು ಬಂದಳು, ಇನ್ನೂ ಚಂದ. ಸೀರೆ ಎತ್ತಿ ಕಟ್ಟಿರಬೇಕು, ಸೊಂಟಕ್ಕೆ ಕೈ ಕೊಟ್ಟಿರಬೇಕು, ಯಾರ ಮೇಲೋ ಸಿಟ್ಟಿರಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದಳು. ಸಿಟ್ಟು ಬಂತು, ಆದರೆ ನಾಟಕದವರ ಸಿಟ್ಟು.

ವಿಕ್ರಮ ಹಿಂದೆ ನಿಂತು ನೋಡುತ್ತಿದ್ದ. "ಚಲೋ ಅದಾಳಲ್ಲ! ಇದನ್ನs ಹಾಕಿ ಮುಗಿಸಿಬಿಡು. ಯಾರಿಗೆ ತಿಳೀತದ?"

"ಸೋಫಿಯಾಗ ತಿಳೀತದ್ರಿ."

"ಆಕಿ ಎಲ್ಲಿದ್ದಾಳೋ ಏನೋ."

"ಅದಕ್ಕs ಹುಡುಕಬೇಕು," ಅಂದಳು ಧನಶ್ರೀ. ಹಾಗೆ ಅಂದ ಮೇಲೆ ತಾನು ಇಷ್ಟು ವರ್ಷ ಬಯಸಿದ್ದು ಫೆರಿಯನ್ನೋ ಸೋಫಿಯಾಳನ್ನೋ ಅನ್ನುವುದು ತನಗೇ ತಿಳಿಯದೆ ಹೋಯಿತಂತೆ.

ಜುಲೈಯ ಒಂದು ರಜೆಯ ದಿನ ಅವಳು ಚೋಡಣಕ್ಕೆ ಹೋದಳು. ಚರ್ಚಿನ ಹತ್ತಿರದ ಬೇಕರಿಯಲ್ಲಿ ಕೇಳಿದಾಗ ಸೋಫಿಯಾಳ ಅತ್ತಿಗೆಯ ಮನೆ ತೋರಿಸಿದರು. ಅತ್ತಿಗೆ ನಂಬರು ಕೊಟ್ಟಳು. ಕೊಡುವಾಗ, "ಅವಳು ಈಗ ಹೆಚ್ಚು ಮಾತಾಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ," ಅಂದಳು.

ಫೋನಿನಲ್ಲಿ ಆ ಕಡೆಯ ದನಿ ಮೊದಲು ಇಂಗ್ಲಿಷಿನಲ್ಲಿ ಯಾರು ಅಂದಿತು. ಧನಶ್ರೀ ಹೆಸರು ಹೇಳಿದಳು. ಆ ದನಿ, "ರೊಟ್ಟಿ ತಂದಿದ್ದೀಯಾ?" ಅಂತ ಕೊಂಕಣಿಯಲ್ಲಿ ಕೇಳಿತು. ಇಬ್ಬರೂ ನಗಲು ಹೋಗಿ ಅತ್ತರು.

ಸೋಫಿಯಾ ಸ್ವಿಂಡನ್ ಊರಿನ ಒಂದು ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆಗೆ ಸಾಮಾನು ತುಂಬುವ ಕೆಲಸದಲ್ಲಿದ್ದಾಳೆ. ಹೋದ ಹೊಸತರಲ್ಲಿ ಚಿತ್ರದ ಕೆಲಸ ಹುಡುಕಿದಳು, ಸಿಗಲಿಲ್ಲ. ಆಮೇಲೆ ಮನೆ, ಮಗ, ಪಾಳಿ. ಪೆನ್ಸಿಲು ಹಿಡಿಯದೆ ವರ್ಷಗಳಾದವು.

"ಕೈ ಹೋಯಿತು ಗೊ," ಅಂದಳು. "ಮಶೀನು ಚಿತ್ರ ಬರೆಯುತ್ತದಂತಲ್ಲ? ಅದಕ್ಕೇ ಹೇಳು."

"ಬರೀತು. ನೀನೇ ನೋಡು," ಅಂತ ಧನಶ್ರೀ ಆಟವನ್ನು, ಯಂತ್ರ ಬರೆದ ಜನರ ಸಮೇತ, ಕಳಿಸಿದಳು.

ಬಹಳ ದಿನ ಏನೂ ಉತ್ತರವಿಲ್ಲ. ಅತ್ತಿಗೆಯ ಮಾತು ನೆನಪಿಸಿಕೊಂಡು ಧನಶ್ರೀ ಸುಮ್ಮನಿದ್ದಳು. ಫೋನು ಟಿಣ್ ಅಂದಾಗಲೆಲ್ಲ ಕಚೇರಿಯಲ್ಲಿ ಹಡಗಿನ ಹೆಸರು ತಪ್ಪು ಹೊಡೆಯುತ್ತಿದ್ದಳು. ಆಗಸ್ಟಿನಲ್ಲಿ ಒಂದು ದಿನ ಬಂತು. ಬರೀ ಬೈಗುಳ. "ಆ ಹೆಂಗಸು ಮೀನು ಮಾರುವವಳಲ್ಲ, ಮದುವೆಗೆ ಹೊರಟವಳು. ಪೊದೇರನನ್ನು ಎಲ್ಲಿ ನಿಲ್ಲಿಸಿದ್ದೀಯಾ? ಅವನು ಇಳಿಯುವುದು ಯಾವಾಗ, ಪಾವು ತಣ್ಣಗಾದ ಮೇಲಾ? ಮರೆತೆಯಾ ಎಲ್ಲ?"

ಧನಶ್ರೀ ಅದನ್ನು ವಿಕ್ರಮನಿಗೆ ಓದಿ ಹೇಳಿದಳು. "ಬೈದಾಳಲ್ಲ," ಅಂದ ಅವನು.

"ಹೌದ್ರಿ, ಬೈದಾಳ!" ಅಂದಳು, ಬಹುಮಾನ ಬಂದವಳ ಹಾಗೆ.

ಇಬ್ಬರೂ ಒಂದು ವಾರ ಜಗಳವಾಡಿದರು. ಆ ವಾರದ ಕೊನೆಗೆ ಬೈಗುಳದ ಕೆಳಗೆ ಒಂದು ಚಿತ್ರ ಬಂತು. ಫೋನಿನ ಮೇಲೆ ಬೆರಳಿನಿಂದ ಇಟ್ಟ ದಪ್ಪ ಚುಕ್ಕಿಗಳು. ಮೀನು ಮಾರುವ ಬಾಯಿ. ಸೀರೆ ಎತ್ತಿ ಕಟ್ಟಿ, ಬುಟ್ಟಿಯನ್ನು ಕಾರಿನ ಬಾನೆಟ್ಟಿನ ಮೇಲೆ ಇಡಲೋ ಬೇಡವೋ ಅಂತ ನೋಡುತ್ತಿದ್ದಾಳೆ. ಪಾಳಿಗೆ ಹೋಗುವ ಬಸ್ಸಿನಲ್ಲಿ ಕೂತು ಬರೆದದ್ದು. ಯಂತ್ರದ ಜನರನ್ನೆಲ್ಲ ಧನಶ್ರೀ ಅವತ್ತೇ ಅಳಿಸಿದಳು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಪೊದೇರ ಬಂದ. ಪಾದ್ರಿ ಬಂದ. ಕೆಲವೊಮ್ಮೆ ಮೂರು ವಾರ ಯಾರೂ ಇಲ್ಲ, ಮಗನಿಗೆ ಜ್ವರ, ಹೆಚ್ಚಿನ ಪಾಳಿ. ನಮ್ಮ ಮನೆಗೆ ಫೋನು ಕೇಳಿಕೊಂಡು ಬಂದದ್ದು ಮೂವರು ಆಗಿದ್ದಾಗ.

ಒಂದು ಸಂಜೆ ನಾನು ಕೇಳಿಯೇಬಿಟ್ಟೆ. "ನೀನs ಹೇಳಿದೆಲ್ಲವಾ, ಈಗ ಎಲ್ಲಾ ಒಂದು ಹೊತ್ತಿನ್ಯಾಗ ಆಗ್ತದಂತ. ಮತ್ತ ಯಾಕ ಕಾಯ್ತಿ?"

ಅವಳು ಕಪ್ಪನ್ನು ಬಸಿಯ ಮೇಲಿಟ್ಟಳು. "ಮುಗಿಸಿದ್ರ ಮುಗದು ಹೋಗ್ತದಲ್ರಿ ಕಾಕಾ. ಮತ್ತ ಆಕಿ ನನಗ ಯಾಕ ಫೋನ್ ಮಾಡ್ಬೇಕು?"

ಕೃಷ್ಣಾಬಾಯಿ ಅವಳ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

ನವೆಂಬರಿನಲ್ಲಿ ಆಟ ಎಲ್ಲರಿಗೂ ಸಿಗುವ ಹಾಗೆ ಹೊರಗೆ ಬಂತು. ಹೆಸರು ಬರೀ 'ಫೆರಿ'. ಕೆಳಗೆ ಇಬ್ಬರ ಹೆಸರು, ಸೋಫಿಯಾಳದು ಮೊದಲು. ಹಾಕಿಕೊಂಡವರು ಕೆಲವು ನೂರು ಜನ. ಮಂದಿ ಕಡಿಮೆ, ಆಟ ನಿಧಾನ ಅಂತ ಕೆಲವರು ದೂರಿದರು. ಒಬ್ಬ ಮಾತ್ರ ಕುವೈತಿನಿಂದ ಉದ್ದಕ್ಕೆ ಬರೆದಿದ್ದ. ತಾನು ಚೋಡಣದವನೆಂದೂ, ಊಟದ ಬಿಡುವಿನಲ್ಲಿ ಇದನ್ನು ತೆರೆದು ಆಡದೆ ಹಾಗೇ ಇಡುತ್ತೇನೆಂದೂ, ಫೆರಿ ತನ್ನಷ್ಟಕ್ಕೆ ಹೋಗಿ ಬಂದು ಮಾಡುವುದನ್ನು ನೋಡುತ್ತ ಉಣ್ಣುತ್ತೇನೆಂದೂ ಬರೆದಿದ್ದ. ಧನಶ್ರೀ ಅದನ್ನು ಫೋನಿನಲ್ಲಿ ಓದಿ ಹೇಳಿದಾಗ ಸೋಫಿಯಾ ಇನ್ನೊಮ್ಮೆ ಓದಿಸಿದಳು. ಆಮೇಲೆ, "ಯಾವ ಕೇರಿಯವನಂತೆ?" ಅಂತ ಕೇಳಿದಳು.

ಕ್ರಿಸ್‌ಮಸ್ಸಿಗೆ ಅವಳು ಬರುವವಳಿದ್ದಳು. ಧನಶ್ರೀ ಕಚೇರಿಗೆ ರಜೆ ಬರೆದುಕೊಟ್ಟಿದ್ದಳು. ಮನೆಗೆ ಹೊಸ ಪರದೆ ಹೊಲಿಸಿದಳು, ಸೋಫಿಯಾ ಹೊದೆಯಲಿ ಅಂತ ಧಾರವಾಡದಿಂದ ಕೌದಿ ತರಿಸಿದಳು. ಕೃಷ್ಣಾಬಾಯಿಯೂ ಸ್ವಂತ ಮಗಳೇ ಬರುವ ಹಾಗೆ ಶೇಂಗಾ ಹೋಳಿಗೆ ಮಾಡುವುದೆಂದು ಗೊತ್ತುಮಾಡಿದ್ದಳು. ಆದರೆ ಹಬ್ಬದ ಹೊತ್ತೆಂದರೆ ಗೋದಾಮಿನವರಿಗೆ ವರ್ಷದ ಸುಗ್ಗಿ. ಕೊನೆಯ ವಾರದಲ್ಲಿ ರಜೆ ಇಲ್ಲ ಅಂದರು. ಸೋಫಿಯಾ ಫೋನು ಮಾಡಿ ಒಂದೇ ಮಾತಿನಲ್ಲಿ ಹೇಳಿ ಇಟ್ಟಳು. ಧನಶ್ರೀ ಕೌದಿ ಮಡಚಿ ಕಪಾಟಿನಲ್ಲಿಟ್ಟಳು. ರಜೆ ಹಿಂದೆ ತೆಗೆದುಕೊಂಡು ಕಚೇರಿಗೆ ಹೋದಳು. ನಾವು ಹೋಳಿಗೆ ಮಾಡಿ ಮೇಲೆ ಕೊಟ್ಟು ಕಳಿಸಿದೆವು.

ಜನವರಿಯಲ್ಲಿ ಸೋಫಿಯಾಳೇ ಕೇಳಿದಳು. ಹಲಗೆ ಎತ್ತುವವನನ್ನು ಬರೆಯಬೇಕು, ಆದರೆ ಅವನು ನಿಲ್ಲುವ ರೀತಿ ಮರೆತುಹೋಗಿದೆ, ಒಮ್ಮೆ ತೋರಿಸುತ್ತೀಯಾ ಅಂತ.

ಧನಶ್ರೀ ನಮ್ಮಿಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದಳು. ರಾಯಬಂದರದಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಹಳೆಯ ಫೆರಿ ಸಿಗಲಿ ಅಂತ ಒಂದು ಹೊಸ ದೊಡ್ಡದನ್ನು ಹೋಗಗೊಟ್ಟು ಕಾದಳು. ಹತ್ತಿದ ಮೇಲೆ ಕಂಬಕ್ಕೆ ಒರಗಿ ನಿಂತು ಸೋಫಿಯಾಗೆ ವಿಡಿಯೋ ಕರೆ ಮಾಡಿದಳು. ನಮಗೆ ಬಿಸಿಲು ಏರಿತ್ತು. ಪರದೆಯ ಆ ಕಡೆ ಇನ್ನೂ ಕತ್ತಲು. ಟೊಪ್ಪಿಗೆ ಹಾಕಿಕೊಂಡ ಒಬ್ಬ ಹೆಂಗಸು, ಹಿಂದೆ ಬಸ್ಸಿನ ಕಿಟಕಿಯಲ್ಲಿ ಹರಿದು ಹೋಗುವ ದೀಪಗಳು. ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ನಾನು ನಮಸ್ಕಾರ ಅಂದೆ, ಅವಳು ತಲೆಯಾಡಿಸಿ ನಕ್ಕಳು.

ಧನಶ್ರೀ ಫೋನನ್ನು ಹಲಗೆ ಎತ್ತುವವನ ಕಡೆ ತಿರುಗಿಸಿದಳು. ಅವನು ಚಕ್ರ ತಿರುವಿ ಹಲಗೆ ಎತ್ತಿ, ಒಂದು ಕಾಲು ಸರಪಳಿಯ ಮೇಲಿಟ್ಟು ನಿಂತ. ಫೆರಿ ಹೊರಟಿತು. ಅವಳು ಏನೋ ವಿವರಿಸಲು ಬಾಯಿ ತೆರೆದಳು.

"ಮಾತಾಡಬೇಡ," ಅಂದಿತು ಫೋನು. "ಸುಮ್ಮನೆ ಹಿಡಿ."

ಅವಳು ಹಿಡಿದಳು. ಇಂಜಿನ್ನಿನ ಗುಡುಗು, ಮೀನಿನ ವಾಸನೆ, ಯಾರದೋ ಸ್ಕೂಟರಿನ ಮೇಲೆ ಕೂತ ಮಗುವಿನ ಅಳು. ವಾಸನೆ ಆ ಕಡೆಗೆ ಹೋಗಿರಲಾರದು. ಕೈ ಸೋತು ಇನ್ನೊಂದು ಕೈಗೆ ಬದಲಿಸಿದಳು. ಚೋಡಣದ ಧಕ್ಕೆ ಮುಟ್ಟಿತು, ಹಲಗೆ ಬಿತ್ತು, ಎಲ್ಲರೂ ಇಳಿದರು. ನಾವೂ ಇಳಿಯಲು ಹೊರಟೆವು.

"ಧನಾ," ಅಂದಳು ಸೋಫಿಯಾ, "ನನ್ನ ನಿಲ್ದಾಣ ಇನ್ನೂ ಬಂದಿಲ್ಲ. ಇನ್ನೊಮ್ಮೆ ಹೋಗ್ತೀಯಾ?"

ಧನಶ್ರೀ ನಮ್ಮ ಕಡೆ ನೋಡಿದಳು. ಕೃಷ್ಣಾಬಾಯಿ ಸೆರಗು ಸರಿಮಾಡಿಕೊಂಡು ಮತ್ತೆ ಕಂಬದ ಹತ್ತಿರ ಹೋಗಿ ನಿಂತಳು. ರಾಯಬಂದರಕ್ಕೆ ಹೋಗುವ ಜನ ಹತ್ತತೊಡಗಿದರು. ನಡು ನದಿಗೆ ಬಂದಾಗ ಫೋನಿನಲ್ಲಿ ಸೋಫಿಯಾಳ ಬಸ್ಸು ನಿಂತ ಸದ್ದು ಕೇಳಿತು, ಪರದೆ ಕಪ್ಪಾಯಿತು. ಧನಶ್ರೀ ಫೋನನ್ನು ಕೆಳಗಿಳಿಸಲಿಲ್ಲ. ರಾಯಬಂದರ ಮುಟ್ಟುವವರೆಗೂ ಹಾಗೇ ನದಿಯ ಕಡೆ ಹಿಡಿದುಕೊಂಡೇ ನಿಂತಿದ್ದಳು.